ಸುಣ್ಣದ ಗೆರೆಯ ಆಫೀಸು

ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ಆರು ವರ್ಷ ನಾನು ಚಿತ್ರದುರ್ಗದ ಒಬ್ಬ ಹಿರಿಯ ಇಂಜಿನಿಯರ ಬಳಿ ಮನೆಗಳ ಪ್ಲಾನ್ ಬರೆಯುತ್ತಿದ್ದೆ. ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ತಲೆಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯದಲ್ಲಿ ದೇವರು. ಎಷ್ಟು ಬರೆದಿದ್ದೆನೆಂದರೆ ಹೊಸ ಬಡಾವಣೆಗಳಲ್ಲಿ ನಡೆದು ಹೋಗುವಾಗ ಯಾರ ಮನೆಯ ಬಚ್ಚಲು ಎಲ್ಲಿದೆ ಎಂದು ರಸ್ತೆಯಲ್ಲಿ ನಿಂತೇ ಹೇಳಬಲ್ಲವಳಾಗಿದ್ದೆ. ಕೈ ಪಳಗಿತ್ತು, ಮನಸ್ಸು ಮಾತ್ರ ಜಡ್ಡುಗಟ್ಟಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದಿರಬೇಕು. ಒಂದು ಬೆಳಿಗ್ಗೆ ಹನಿ ನೀರಾವರಿಯ ಪೈಪು ಜೋಡಿಸುವ ಕಂಪನಿಯೊಂದರ ಮ್ಯಾನೇಜರು ನಮ್ಮಲ್ಲಿಗೆ ಬಂದರು. ಅವರಿಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಸಣ್ಣ ಆಫೀಸಿತ್ತು. ಮೂರನ್ನೂ ಮುಚ್ಚಿ ಚಿತ್ರದುರ್ಗದಲ್ಲಿ ಒಂದೇ ಆಫೀಸು ಮಾಡಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಹೊಳಲ್ಕೆರೆ ರಸ್ತೆಯಲ್ಲಿ ಒಂದು ಹಳೆಯ ಎಣ್ಣೆ ಗಿರಣಿಯ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದರು.

"ಮೂವತ್ತೊಂದು ಜನ ಅವ್ರೆ. ಹೆಂಗೆ ಲೆಕ್ಕ ಹಾಕಿದ್ರೂ ಹದಿನೆಂಟು ಟೇಬಲ್ಲಿಗಿಂತ ಜಾಸ್ತಿ ಹಿಡಿಯಲ್ಲ. ಅದೇ ತಲೆನೋವಾಗೈತೆ," ಎಂದರು ಮ್ಯಾನೇಜರು.

ನಮ್ಮ ಇಂಜಿನಿಯರಿಗೆ ಆಗ ಒಂದು ಕಲ್ಯಾಣ ಮಂಟಪದ ಕೆಲಸ ತಲೆಯ ಮೇಲಿತ್ತು. ಅವರು ನನ್ನ ಕಡೆ ತಿರುಗಿ, "ಬರೇ ಪಾರ್ಟಿಷನ್ ಕೆಲ್ಸ. ಏನಮ್ಮ, ನೀನೇ ನೋಡ್ಕಂತೀಯಾ?" ಎಂದರು.

ಹೂಂ ಎಂದೆ. ಆರು ವರ್ಷದಲ್ಲಿ ಯಾರೂ ನನಗೆ ಇಡಿಯಾಗಿ ಒಂದು ಕೆಲಸ ಕೊಟ್ಟಿರಲಿಲ್ಲ.

ಮಧ್ಯಾಹ್ನವೇ ಲೂನಾ ಹತ್ತಿ ಗೋದಾಮಿಗೆ ಹೋದೆ. ಕಾವಲುಗಾರ ಬೀಗ ತೆಗೆದು ದೊಡ್ಡ ಬಾಗಿಲನ್ನು ಭುಜ ಕೊಟ್ಟು ತಳ್ಳಿದ. ಒಳಗೆ ಇನ್ನೂ ಶೇಂಗಾ ಎಣ್ಣೆಯ ವಾಸನೆ ಇತ್ತು. ಮಾಡು ಎಷ್ಟೋ ಎತ್ತರ. ಉತ್ತರದ ಗೋಡೆಯ ಮೇಲ್ಗಡೆ ಸಾಲಾಗಿದ್ದ ಗವಾಕ್ಷಿಗಳಿಂದ ಬೆಳಕು ಓರೆಯಾಗಿ ಇಳಿದು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ನಡುವೆ ಒಂದು ಗೋಡೆ ಇಲ್ಲ, ಕಂಬವಿಲ್ಲ. ಮನೆಯ ಪ್ಲಾನಿನಲ್ಲಿ ನಾನು ಪೆನ್ಸಿಲ್ ಹಿಡಿಯುವ ಮೊದಲೇ ಎಲ್ಲವನ್ನೂ ದಿಕ್ಕುಗಳೇ ತೀರ್ಮಾನಿಸಿಬಿಟ್ಟಿರುತ್ತಿದ್ದವು. ಇಲ್ಲಿ ಯಾವುದೂ ತೀರ್ಮಾನವಾಗಿರಲಿಲ್ಲ. ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದೆ, ಸುಮ್ಮನೆ. ಕಾವಲುಗಾರ ನನ್ನನ್ನು ವಿಚಿತ್ರವಾಗಿ ನೋಡಿದ.

ಮೂರು ದಿನದಲ್ಲಿ ಮೊದಲ ನಕ್ಷೆ ತಯಾರಾಯಿತು. ಮೂರು ಸಾಲಿನಲ್ಲಿ ಹದಿನೆಂಟು ಟೇಬಲ್ಲು, ಬೆಳಕು ಚೆನ್ನಾಗಿ ಬೀಳುವ ಮೂಲೆಯಲ್ಲಿ ಮ್ಯಾನೇಜರಿಗೆ ಗಾಜಿನ ಕ್ಯಾಬಿನ್ನು, ಹಿಂದೆ ಸಾಮಾನಿನ ಕೋಣೆ. ಮ್ಯಾನೇಜರು ಖುಷಿಪಟ್ಟರು. ನನಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು.

"ಉಳಿದ ಹದಿಮೂರು ಜನ ಎಲ್ಲಿ ಕೂತ್ಕಂತಾರೆ ಸಾರ್?"

"ಅವ್ರು ಫೀಲ್ಡಿನೋರಮ್ಮ. ವಾರದಾಗೆ ನಾಕು ದಿನ ಹಳ್ಳಿ ಮ್ಯಾಲಿರ್ತಾರೆ. ಉಳಿದ ಎರಡು ದಿನ ಹೆಂಗೋ ಅಡ್ಜಸ್ಟ್ ಮಾಡ್ಕಂತಾರೆ."

ಮೂವತ್ತೊಂದರಲ್ಲಿ ಇಪ್ಪತ್ತನಾಲ್ಕು ಜನ ಹಾಗೆ ಓಡಾಡುವವರೇ ಎಂದು ಕೆದಕಿ ಕೇಳಿದಾಗ ತಿಳಿಯಿತು. ನನ್ನ ನಕ್ಷೆಯಲ್ಲಿ ಅವರಲ್ಲಿ ಕೆಲವರಿಗೆ ಟೇಬಲ್ಲಿತ್ತು, ಕೆಲವರಿಗಿರಲಿಲ್ಲ. ಅಂದರೆ ನಾನು ಬರೆದ ಆಫೀಸು ನಾಲ್ಕು ದಿನ ಖಾಲಿ ಹೊಡೆಯುತ್ತದೆ, ಎರಡು ದಿನ ಕಾಲಿಡಲು ಜಾಗವಿರುವುದಿಲ್ಲ. ನಕ್ಷೆಯನ್ನು ಸುತ್ತಿ ಬಗಲಲ್ಲಿಟ್ಟುಕೊಂಡು, "ಮೂರೂ ಆಫೀಸು ಒಂದ್ಸಲ ನೋಡ್ಕಂಡು ಬರ್ತೀನಿ ಸಾರ್," ಎಂದೆ.

ಮೊದಲು ಹಿರಿಯೂರಿಗೆ ಹೋದೆ. ಅಂಗಡಿ ಸಾಲಿನ ಮಹಡಿಯ ಮೇಲೆ ಎರಡು ಕೋಣೆ. ಅಲ್ಲಿನ ಸೂಪರ್‌ವೈಸರು ಕಂಪನಿಗೇ ಹಿರಿಯರು, ಐವತ್ತು ದಾಟಿದವರು, ಆದಿವಾಲದ ಕಡೆಯವರು. ಅವರ ಟೇಬಲ್ಲಿನ ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ದೇವರ ಪಟ, ಫೋನ್ ನಂಬರುಗಳ ಪಟ್ಟಿ, ಒಂದು ಒಣಗಿದ ಸೇವಂತಿಗೆ. ನಾನು ಹೋದಾಗ ಅವರು ತಾವೇ ಬಟ್ಟೆಯಿಂದ ಗಾಜು ಒರೆಸುತ್ತಿದ್ದರು. "ಬಾರಮ್ಮ, ಕುಂತ್ಕ," ಎಂದು ಎದುರಿನ ಕುರ್ಚಿ ತೋರಿಸಿದರು. ಉಳಿದ ಹುಡುಗರು ಕೆಳಗೆ ರಸ್ತೆಯಲ್ಲಿ, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಗದ ಹಾಸಿ ವರದಿ ಬರೆಯುತ್ತಿದ್ದರು. ನನ್ನ ಕಣ್ಣೆಲ್ಲ ಆ ಬೈಕುಗಳ ಮೇಲೇ ಇತ್ತು. ಗಾಜಿನ ಟೇಬಲ್ಲನ್ನು ನೋಡಿದೆ, ಅಷ್ಟೇ. ಅದರ ಬಗ್ಗೆ ಏನೂ ಕೇಳಲಿಲ್ಲ.

ಹೊಸದುರ್ಗದ ಆಫೀಸು ಒಂದು ಹಳೆಯ ಮನೆ. ಒಳಗಿನ ಟೇಬಲ್ಲುಗಳ ಮೇಲೆ ಪೈಪಿನ ಸುರುಳಿ, ಹೆಲ್ಮೆಟ್ಟು, ಊಟದ ಡಬ್ಬಿ. ಜನವೆಲ್ಲ ಹೊರಗಿನ ಜಗಲಿಯ ಮೇಲೆ. ಒಬ್ಬ ತೋಟದ ನಕ್ಷೆಯನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಿದ್ದ. ಇನ್ನಿಬ್ಬರು ಮಂಡಿಯೂರಿ ಬಗ್ಗಿ ನೋಡುತ್ತಿದ್ದರು.

"ಒಳಗೆ ಟೇಬಲ್ ಇದೆಯಲ್ಲ?" ಎಂದು ಕೇಳಿದೆ.

"ಟೇಬಲ್ಲು ಸಾಮಾನು ಇಡಾಕೆ ಮೇಡಂ. ಕೆಲ್ಸ ಏನಿದ್ರೂ ಜಗಲಿ ಮ್ಯಾಲೆ," ಎಂದು ನಕ್ಕ.

ಕೊನೆಗೆ ಹೊಳಲ್ಕೆರೆ. ಮಾರ್ಕೆಟ್ ಯಾರ್ಡಿನ ಹತ್ತಿರದ ಆ ಆಫೀಸಿನಲ್ಲಿ ಟೈಪಿಂಗು, ಟಪಾಲು, ಆಗಷ್ಟೇ ಬಂದಿದ್ದ ಒಂದು ಕಂಪ್ಯೂಟರು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ನಲವತ್ತೈದರ ಒಬ್ಬ ಹೆಣ್ಣುಮಗಳು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಟೇಪು ಹಿಡಿದು ಅಳೆಯುತ್ತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿ ಅವರು ಹೇಳಿದರು: "ನೀನು ಟೇಬಲ್ ಅಳೀತಿದೀಯ ತಂಗಿ. ಹಳ್ಳಿಯಿಂದ ಬಂದೋರು ಮೊದ್ಲು ಎಲ್ಲಿಗೆ ಹೋಗ್ತಾರೆ, ಅದನ್ನ ನೋಡಿದೀಯಾ?"

ಟೇಪು ಸುತ್ತಿಟ್ಟು ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಸಂಜೆಯವರೆಗೆ ಬಂದವರು ಒಂಬತ್ತು ಮಂದಿ. ಒಬ್ಬೊಬ್ಬರು ಎಲ್ಲೆಲ್ಲಿ ನಿಂತರೆಂದು ಕಾಗದದ ಮೇಲೆ ಚುಕ್ಕಿ ಇಟ್ಟೆ. ಮೊದಲು ಕುಡಿಯುವ ನೀರು. ಆಮೇಲೆ ಕೆಸರು ಮೆತ್ತಿದ ಕಾಲು ತೊಳೆಯಲು ಹಿತ್ತಲು. ಆಮೇಲೆ ಫೋನು. ಆಮೇಲೆ ಅಕ್ಕನ ಡ್ರಾಯರು. ಅದರಲ್ಲಿ ಸೂಜಿ ದಾರ, ತಲೆನೋವಿನ ಮಾತ್ರೆ, ಪೆನ್ನಿನ ರೀಫಿಲ್ಲು, ಯಾರದೋ ಬೈಕಿನ ಎರಡನೇ ಕೀಲಿ, ಏನು ಬೇಕಾದರೂ ಸಿಗುತ್ತಿತ್ತು. ಅಲ್ಲಿ ನಿಂತು ಆ ದಿನದ ಸುದ್ದಿ ಹೇಳುತ್ತಿದ್ದರು: ಯಾವ ತೋಟದಲ್ಲಿ ಇಲಿ ಪೈಪು ಕಡಿದಿದೆ, ಯಾವ ಬೋರಿನ ನೀರಿನಲ್ಲಿ ಮರಳು ಬರುತ್ತಿದೆ. ಇಬ್ಬರು ಹೆಣ್ಣುಮಕ್ಕಳೂ ಇದ್ದರು, ರೈತರ ಮನೆಗಳಲ್ಲಿ ತರಬೇತಿ ಕೊಡುವವರು. ಅವರು ಬಂದು ಐದು ನಿಮಿಷ ಬೆನ್ನು ಚಾಚಲು ಜಾಗವಿಲ್ಲದೆ ಪೈಪಿನ ರಾಶಿಯ ಹಿಂದೆ ಗೋಣಿಚೀಲ ಹಾಸಿಕೊಂಡು ಕೂತರು. ಒಂಬತ್ತರಲ್ಲಿ ಒಬ್ಬರೂ ಬಂದೊಡನೆ ಟೇಬಲ್ಲಿಗೆ ಹೋಗಲಿಲ್ಲ.

ಹೊಳಲ್ಕೆರೆಯಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚುಕ್ಕಿಗಳ ಕಾಗದವನ್ನು ತೊಡೆಯ ಮೇಲೆ ಹಾಸಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಹೊಳೆಯಿತು. ನಾನು ಟೇಬಲ್ಲುಗಳಿಂದ ಶುರುಮಾಡಿದ್ದೇ ತಪ್ಪು. ಗೋದಾಮಿನ ಹಿತ್ತಲ ಬಾಗಿಲಿನಿಂದ ಶುರುಮಾಡಬೇಕಿತ್ತು. ಜನ ಬರುವುದು ಅಲ್ಲಿಂದ, ಬೈಕು ನಿಲ್ಲಿಸಿ. ಅಲ್ಲೇ ನಲ್ಲಿ ಮತ್ತು ಕಾಲು ತೊಳೆಯುವ ಕಟ್ಟೆ. ದಾಟಿದರೆ ಒಬ್ಬೊಬ್ಬರಿಗೆ ಒಂದೊಂದು ಬೀಗದ ಪೆಟ್ಟಿಗೆ, ಅವರ ಸ್ವಂತದ್ದು. ಆಮೇಲೆ ನಡುವೆ ಅಕ್ಕ. ಹೆಣ್ಣುಮಕ್ಕಳಿಗೆ ಬೆನ್ನು ಚಾಚಲು ಒಂದು ಸಣ್ಣ ಕೋಣೆ. ಗೋಡೆಯುದ್ದಕ್ಕೂ ಒಂದು ಜಗಲಿ, ಒಳಗೇ. ಬೆಳಕಿನ ಕೆಳಗೆ ನಕ್ಷೆ ಹಾಸುವಷ್ಟು ಅಗಲದ ಒಂದು ಉದ್ದನೆ ಮೇಜು, ಯಾರು ಬೇಕಾದರೂ ಕೂರಬಹುದಾದದ್ದು. ಕಾಗದದ ಹಿಂಬದಿ ತಿರುಗಿಸಿ ಬರೆಯತೊಡಗಿದೆ. ಬಸ್ಸು ಕುಲುಕಿದಂತೆಲ್ಲ ಗೆರೆ ಸೊಟ್ಟಗಾಗುತ್ತಿತ್ತು. ನಗು ಬರುತ್ತಿತ್ತು, ನಿಲ್ಲಿಸಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಭೀಮಸಮುದ್ರದ ಅಜ್ಜಿ, "ಪರೀಕ್ಷೆ ಐತೇನವ್ವ?" ಎಂದು ಕೇಳಿದರು. "ಹೂಂ ಅಜ್ಜಿ," ಎಂದೆ. ಇಳಿಯಬೇಕಾದ ನಿಲ್ದಾಣ ಯಾವಾಗ ದಾಟಿತೋ ತಿಳಿಯಲೇ ಇಲ್ಲ. ಒಂದು ಮೈಲಿ ಹಿಂದಕ್ಕೆ ನಡೆದೆ.

ಮರುದಿನ ಹೊಸ ನಕ್ಷೆಯನ್ನು ನಮ್ಮ ಇಂಜಿನಿಯರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. "ಇದೇನಮ್ಮ, ಆಫೀಸೋ ಅರಳಿಕಟ್ಟೆಯೋ?"

ನನ್ನ ಮುಖ ಸಣ್ಣಗಾಯಿತು. ಅವರು ಇನ್ನೊಮ್ಮೆ ನೋಡಿ, ನಕ್ಷೆ ಮಡಿಸಿ ಕೈಗಿತ್ತರು. "ಅರಳಿಕಟ್ಟೆ ಯಾವತ್ತೂ ಖಾಲಿ ಹೊಡೆದಿದ್ದು ನಾನಂತೂ ನೋಡಿಲ್ಲ. ತೋರ್ಸು ಹೋಗು."

ಮ್ಯಾನೇಜರು ನಕ್ಷೆಯ ಮೇಲೆ ಮೂಲೆಯಿಂದ ಮೂಲೆಗೆ ಬೆರಳಾಡಿಸಿ, "ಯಾವ ಜಾಗ ಯಾರದ್ದು ಅಂತ ಬರ್ದೇ ಇಲ್ಲ," ಎಂದರು.

"ವಾರವಿಡೀ ಕೂರೋ ಏಳು ಜನಕ್ಕೆ ಸ್ವಂತ ಜಾಗ ಐತೆ ಸಾರ್. ಉಳಿದದ್ದು ಬಂದೋರದ್ದು."

"ಜನ ಒಪ್ತಾರಾ?"

"ಕರೆಸಿ ಕೇಳಾಣ ಸಾರ್. ಕಾಗದದ ಮೇಲಲ್ಲ, ನೆಲದ ಮೇಲೆ ಬರ್ದು ತೋರಿಸ್ತೀನಿ."

ಆ ಮಾತು ಬಾಯಿಂದ ಬಂದ ಮೇಲೆಯೇ ನನಗೂ ಅದರ ರುಚಿ ಹತ್ತಿದ್ದು. ಶುಕ್ರವಾರ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಗೋದಾಮಿಗೆ ಹೋದೆ. ದಾರ ಕಟ್ಟಿ, ಸುಣ್ಣದ ಪುಡಿ ಬಿಟ್ಟು, ಇಡೀ ಆಫೀಸನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದೆವು. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಗೆರೆ ಬಿಟ್ಟ ಜಾಗ, ಜಗಲಿಗೆ ಒಳಗೆಲ್ಲ ಪುಡಿ. ಶನಿವಾರ ಬೆಳಿಗ್ಗೆ ಬೈಕುಗಳಲ್ಲಿ, ಬಸ್ಸಿನಲ್ಲಿ, ಮೂರು ತಾಲ್ಲೂಕಿನವರೂ ಬಂದರು. ಒಳಗೆ ಕಾಲಿಟ್ಟ ಮೊದಲ ಹುಡುಗ ನೇರವಾಗಿ ಸಾಮಾನಿನ ಕೋಣೆಯನ್ನು ಹಾಯ್ದು ನಡೆದ.

"ಲೇ, ಗೋಡೆ ಐತೆ ಕಣೋ ಅಲ್ಲಿ. ಬಾಗಿಲಾಗೆ ಬಾ," ಎಂದು ಹಿಂದಿನಿಂದ ಒಬ್ಬ ಕೂಗಿದ.

ಎಲ್ಲರೂ ನಕ್ಕರು. ಆದರೆ ಆ ಹುಡುಗ ನಿಜವಾಗಿಯೂ ಹಿಂದೆ ಹೋಗಿ ಬಾಗಿಲಿನಿಂದ ಬಂದ. ಅಲ್ಲಿಂದಾಚೆ ಆಫೀಸು ಎದ್ದು ನಿಂತಂತೆಯೇ ಆಯಿತು. ಇಲ್ಲದ ನಲ್ಲಿ ತಿರುಗಿಸಿ ಕಾಲು ತೊಳೆದರು. ಸುಣ್ಣದ ಜಗಲಿಯ ಮೇಲೆ ಹತ್ತು ಜನ ಚಕ್ಕಳಮಕ್ಕಳ ಕೂತು, ಒಬ್ಬರ ಮಂಡಿ ಒಬ್ಬರಿಗೆ ತಾಗುತ್ತದೆಂದು ತಕರಾರು ತೆಗೆದರು. ನಾನು ಅಲ್ಲೇ ಅರ್ಧ ಅಡಿ ಅಗಲ ಮಾಡಿದೆ. ಅಕ್ಕ ಹೆಣ್ಣುಮಕ್ಕಳ ಕೋಣೆಯ ಮುಂದೆ ನಿಂತು, "ಇಲ್ಲಿ ಬಾಗಿಲಿಟ್ರೆ ಒಳಗೆ ಹೋಗೋರು ಬರೋರು ಎಲ್ರಿಗೂ ಕಾಣ್ತಾರೆ," ಎಂದು ಚಪ್ಪಲಿಯಿಂದಲೇ ಗೆರೆ ಅಳಿಸಿಬಿಟ್ಟರು. ಪಕ್ಕದ ಗೋಡೆಗೆ ಬಾಗಿಲು ತಿರುಗಿಸಿದೆ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ನನ್ನ ಮೈಯೆಲ್ಲ ಸುಣ್ಣ. ಅಷ್ಟು ಸಂತೋಷವನ್ನು ಕೆಲಸದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಆಗ ಹಿರಿಯೂರಿನ ಸೂಪರ್‌ವೈಸರು ನನ್ನೆದುರು ಬಂದು ನಿಂತರು. ಅವರು ಬೆಳಗಿನಿಂದ ಯಾವ ಗೆರೆಯೊಳಗೂ ಕಾಲಿಟ್ಟಿರಲಿಲ್ಲ.

"ಎಲ್ಲ ನೋಡ್ದೆ. ನನ್ನ ಟೇಬಲ್ ಎಲ್ಲೈತಮ್ಮ?"

ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದೆ: ನೀವು ನಾಲ್ಕು ದಿನ ಹಳ್ಳಿಯಲ್ಲಿರುತ್ತೀರಿ, ಉದ್ದನೆ ಮೇಜಿನ ಮೇಲೆ ಎಲ್ಲಿ ಬೇಕಾದರೂ ಕೂರಬಹುದು, ನಿಮ್ಮ ಕಾಗದಪತ್ರಕ್ಕೆ ಬೀಗದ ಪೆಟ್ಟಿಗೆ ಇದೆ. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ನಮ್ಮಪ್ಪ ಜೀವಮಾನವೆಲ್ಲ ಕಂಡೋರ ಟೇಬಲ್ ಮುಂದೆ ನಿಂತೋನು," ಎಂದರು ಆಮೇಲೆ, ದನಿ ಏರಿಸದೆ. "ಕುಂತ್ಕ ಅಂತ ಒಬ್ರೂ ಅಂದಿಲ್ಲ. ನನಗೆ ಟೇಬಲ್ ಕೊಟ್ಟ ದಿನ ಅಪ್ಪನ್ನ ಕರ್ಕಂಬಂದು ಎದುರಿಗೆ ಕುರ್ಚಿ ಹಾಕಿ ಕೂರ್ಸಿದ್ದೆ. ಅದರ ಗಾಜು ಇವತ್ತಿಗೂ ನಾನೇ ಒರೆಸ್ತೀನಿ. ನೀನು ಹಿರಿಯೂರಿಗೆ ಬಂದಿದ್ದೆ. ಗೆರೆ ಎಳೆಯಾಕೆ ಮುಂಚೆ ಒಂದು ಮಾತು ಕೇಳ್ಬೋದಿತ್ತು."

ನನಗೆ ನೆಲ ನೋಡುವಂತಾಯಿತು. ಎಲ್ಲರ ಹೆಜ್ಜೆಗೂ ಚುಕ್ಕಿ ಇಟ್ಟವಳು ನಾನು. ಆ ಟೇಬಲ್ಲಿನ ಎದುರು ಕೂತು ಅವರು ತರಿಸಿಕೊಟ್ಟ ಟೀ ಕುಡಿದು ಬಂದಿದ್ದೆ, ಆದರೂ ಕೇಳಿರಲಿಲ್ಲ. ಅವರು ನನ್ನನ್ನು ಕೂರಿಸಿದ್ದು ಯಾಕೆಂದು ಈಗ ಅರ್ಥವಾಯಿತು.

"ತಪ್ಪಾಯ್ತು ಸಾರ್. ಈಗ ಕೇಳ್ತಿದೀನಿ," ಎಂದು ಸುಣ್ಣದ ತಟ್ಟೆ ಮುಂದೆ ಹಿಡಿದೆ. "ನೀವೇ ಎಳೀರಿ."

"ನಾನೇನ್ ಇಂಜಿನಿಯರಾ?" ಎಂದು ಮುಖ ತಿರುಗಿಸಿದರು. ನಾನು ತಟ್ಟೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಅದನ್ನು ತೆಗೆದುಕೊಂಡು ಗೋದಾಮನ್ನು ಒಂದು ಸುತ್ತು ಹಾಕಿದರು. ಬೆಳಕು ಚೆನ್ನಾಗಿದ್ದ ಕಡೆ ನಿಲ್ಲಲಿಲ್ಲ. ಫ್ಯಾನು ಬರುವುದೆಂದು ಗುರುತು ಹಾಕಿದ್ದ ಕಡೆಯೂ ನಿಲ್ಲಲಿಲ್ಲ. ರೈತರು ಒಳಬರುವ ಮುಂದಿನ ದೊಡ್ಡ ಬಾಗಿಲ ಬಳಿ ಬಗ್ಗಿ, ನಿಧಾನವಾಗಿ ಒಂದು ಟೇಬಲ್ ಬರೆದರು. ಹಿಂದೆ ಒಂದು ಕುರ್ಚಿ. ಮುಂದೆ ಮೂರು ಕುರ್ಚಿ.

"ಬಂದೋರು ನಿಂತ್ಕಂಡು ಮಾತಾಡಬಾರ್ದು," ಎಂದರು.

ನನ್ನ ಇಡೀ ನಕ್ಷೆಯಲ್ಲಿ ರೈತನಿಗೆ ಜಾಗವೇ ಇರಲಿಲ್ಲವೆಂದು ಆಗ ಗೊತ್ತಾಯಿತು. ಕೆಲಸ ಮಾಡುವವರ ಬಗ್ಗೆ ಯೋಚಿಸಿದ್ದೆ, ಯಾರಿಗಾಗಿ ಕೆಲಸವೋ ಅವರನ್ನು ಮರೆತಿದ್ದೆ. ಧೈರ್ಯ ಮಾಡಿ ಕೇಳಿದೆ, "ನೀವು ಹಳ್ಳಿಗೆ ಹೋದ ದಿನ ಈ ಟೇಬಲ್ ಏನ್ಮಾಡಾಣ ಸಾರ್?"

ಅವರು ಕೈಗೆ ಮೆತ್ತಿದ್ದ ಸುಣ್ಣ ಒರೆಸಿಕೊಂಡರು. "ಅವತ್ತು ಬಂದೋರ ಜೊತೆ ಯಾರು ಮಾತಾಡ್ತಾರೋ ಅವ್ರು ಕುಂತ್ಕಳ್ಲಿ. ಖಾಲಿ ಟೇಬಲ್ಲಿಗೆ ಏನ್ ಮರ್ಯಾದೆ? ಆದ್ರೆ ಗಾಜಿನ ಮ್ಯಾಲೆ ಟೀ ಲೋಟ ಇಡಂಗಿಲ್ಲ."

ಅಕ್ಕ ಅಲ್ಲಿಂದಲೇ ಮ್ಯಾನೇಜರ ಕಡೆ ತಿರುಗಿದರು. "ಸಾರ್, ನಿಮ್ಮ ಕ್ಯಾಬಿನ್ನು? ನೀವೂ ವಾರದಾಗೆ ಮೂರು ದಿನ ಊರ ಮ್ಯಾಲೇ ಇರ್ತೀರಲ್ಲ." ಮ್ಯಾನೇಜರಿಗೆ ನಗದೆ ಇರಲಾಗಲಿಲ್ಲ. ಅವರು ಇಲ್ಲದ ದಿನ ಆ ಕೋಣೆ ಫೋನಿಗೆ, ಗುಟ್ಟಿನ ಮಾತಿಗೆ ಎಲ್ಲರಿಗೂ ತೆರೆದಿರಲಿ ಎಂದು ಅಲ್ಲೇ ತೀರ್ಮಾನವಾಯಿತು.

ಕೆಲಸ ಎರಡು ತಿಂಗಳು ಹಿಡಿಯಿತು. ಜಗಲಿಗೆ ಕಡಪ ಕಲ್ಲು ಹಾಸಿದೆವು, ಬೇಸಿಗೆಯಲ್ಲೂ ತಣ್ಣಗಿರಲಿ ಎಂದು. ಪೆಟ್ಟಿಗೆಗಳಿಗೆ ಅವರವರು ಕೇಳಿದ ಬಣ್ಣ. ಮೊದಲ ಸೋಮವಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ್ದರು. ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಒಳಗೆ ನೋಡಿದರೆ, ಹಿರಿಯೂರಿನವರು ಜಗಲಿಯ ಒಂದು ತುದಿಗೆ, ಹೊಸದುರ್ಗದವರು ಇನ್ನೊಂದು ತುದಿಗೆ, ಹೊಳಲ್ಕೆರೆಯವರು ಅಕ್ಕನ ಸುತ್ತ. ಬಜ್ಜಿಯ ತಟ್ಟೆ ಕೂಡ ಮೂರು. ಮರುದಿನವೂ ಹಾಗೇ, ಮುಂದಿನ ವಾರವೂ ಹಾಗೇ. "ಕಟ್ಟಡ ಒಂದಾತು, ಆಫೀಸು ಮೂರೇ ಉಳೀತು," ಎಂದರು ಮ್ಯಾನೇಜರು. ನನ್ನನ್ನು ದೂರಿದ್ದಲ್ಲ, ಆದರೂ ಚುಚ್ಚಿತು.

ಪ್ರತಿ ಗುಂಪೂ ತನ್ನ ಮೂಲೆಯಲ್ಲಿ ತನ್ನ ತಾಲ್ಲೂಕಿನ ನಕ್ಷೆಯನ್ನು ಗೋಡೆಗೆ ಹೊಡೆದುಕೊಂಡಿತ್ತು. ಒಂದು ಸಂಜೆ ಅದನ್ನು ನೋಡುತ್ತ ನಿಂತಿದ್ದಾಗ ಅಕ್ಕ ಕೇಳಿದರು, "ಇವನ್ನ ಒಂದಕ್ಕೊಂದು ಅಂಟಿಸಾಕೆ ಬರಲ್ವಾ?"

ಬರುತ್ತಿರಲಿಲ್ಲ, ಅಳತೆಗಳು ಬೇರೆ ಬೇರೆ ಇದ್ದವು. ಆದರೆ ನಾನು ಪ್ಲಾನ್ ಬರೆಯುವವಳಲ್ಲವೇ? ಉದ್ದನೆ ಮೇಜಿನ ಮೇಲ್ಗಡೆಯ ಬಿಳಿ ಗೋಡೆಗೆ ಚೌಕ ಚೌಕವಾಗಿ ಪೆನ್ಸಿಲ್ ಗೆರೆ ಹಾಕಿ, ಏಣಿ ಹತ್ತಿ, ಮೂರು ತಾಲ್ಲೂಕನ್ನೂ ಒಂದೇ ಅಳತೆಯಲ್ಲಿ ಬಣ್ಣದಲ್ಲಿ ಬರೆಯತೊಡಗಿದೆ. ಹೊಸದುರ್ಗದ ಕಡೆಯಿಂದ ವೇದಾವತಿಯನ್ನು ನೀಲಿಯಲ್ಲಿ ಇಳಿಸಿಕೊಂಡು ಬಂದು ಮಾರಿಕಣಿವೆ ಅಣೆಕಟ್ಟಿಗೆ ಸೇರಿಸುವಷ್ಟರಲ್ಲಿ ಏಣಿಯ ಕೆಳಗೆ ಜನ ಸೇರಿದ್ದರು. "ಆ ರೋಡು ಹಂಗೆ ತಿರುಗಲ್ಲ ಮೇಡಂ, ಕೆರೆ ಏರಿ ಮ್ಯಾಲೆ ಹೋಗ್ತೈತೆ." "ನಮ್ಮೂರು ಬಿಟ್ರಲ್ಲ ಮೇಡಂ." ಹಿನ್ನೀರಿನ ಆಚೀಚೆ ಎರಡು ಹಳ್ಳಿ ಗುರುತಿಸಿದಾಗ ಹೊಸದುರ್ಗದ ಒಬ್ಬ ಹುಡುಗ, "ನಾನು ಬುಧವಾರ ಬುಧವಾರ ಇಲ್ಲಿಗೆ ಹೋಗೋದು," ಎಂದ.

ಹಿರಿಯೂರಿನ ಹುಡುಗನೊಬ್ಬ ತಿರುಗಿ ನೋಡಿದ. "ನಾನೂ ಬುಧವಾರನೇ ಕಣಪ್ಪ, ಈ ಕಡೆ ದಡಕ್ಕೆ. ಹೋದ ವಾರ ಒಂದು ಫಿಲ್ಟರಿಗಾಗಿ ವಾಪಸ್ ಇಲ್ಲೀವರ್ಗೂ ಬಂದು ಹೋದೆ."

"ನನ್ನ ಚೀಲದಾಗೆ ಎರಡಿದ್ವು."

ಇಬ್ಬರೂ ಉದ್ದನೆ ಮೇಜಿಗೆ ಬಂದು ಎದುರುಬದುರು ಕೂತರು. ನಾನು ಏಣಿಯ ಮೇಲೆ ಕುಂಚ ಹಿಡಿದು, ಉಸಿರು ಬಿಟ್ಟರೆ ಎಲ್ಲಿ ಎದ್ದು ಹೋಗುತ್ತಾರೋ ಎಂದು ಹಾಗೇ ನಿಂತಿದ್ದೆ. ಅವರು ಎದ್ದು ಹೋಗಲಿಲ್ಲ. ವಾರದೊಳಗೆ ಮೇಜಿನ ಸುತ್ತ ಬುಧವಾರದವರು, ಗುರುವಾರದವರು ಎಂದು ಹೊಸ ಗುಂಪುಗಳಾದವು. ಊರಿನ ಹೆಸರಿನ ಗುಂಪುಗಳು ತಾವಾಗಿಯೇ ಸಡಿಲವಾದವು, ಪೂರ್ತಿಯಾಗಿ ಹೋಗಲಿಲ್ಲ. ಹೊಳಲ್ಕೆರೆಯವರು ಊಟಕ್ಕೆ ಮಾತ್ರ ಕೊನೆಯವರೆಗೂ ಒಟ್ಟಿಗೇ ಕೂರುತ್ತಿದ್ದರು.

ಮರುವರ್ಷ ನಾನು ಇಂಜಿನಿಯರ ಆಶೀರ್ವಾದ ಪಡೆದು ಬೇರೆಯಾಗಿ, ಒಂದು ಸಣ್ಣ ಕೋಣೆ ಹಿಡಿದು ನನ್ನದೇ ಬೋರ್ಡು ಹಾಕಿದೆ. ಒಂದು ಬೀಜದ ಕಂಪನಿಗೆ, ಒಂದು ಶಾಲೆಯ ಶಿಕ್ಷಕರ ಕೋಣೆಗೆ, ಒಂದು ಹಾಲಿನ ಡೈರಿಗೆ ಕೆಲಸ ಮಾಡಿದೆ. ಎಲ್ಲ ಕಡೆಯೂ ಮೊದಲು ಸುಣ್ಣದಲ್ಲಿ ಬರೆದು ಜನರನ್ನು ನಡೆಸಿದೆ. ಎಲ್ಲ ಕಡೆಯೂ ಯಾರೋ ಒಬ್ಬರು ನಾನು ಮರೆತದ್ದನ್ನು ತೋರಿಸಿದರು.

ಗೋದಾಮಿನಿಂದ ಮತ್ತೆ ಫೋನು ಬಂದದ್ದು ಅದಾದ ಎರಡು ವರ್ಷಕ್ಕೆ. ಕಂಪನಿ ಚಳ್ಳಕೆರೆಗೂ ಕಾಲಿಟ್ಟಿತ್ತು, ಅಲ್ಲಿಂದ ಆರು ಜನ ಹೊಸಬರು ಬಂದಿದ್ದರು. "ಬಣ್ಣ ತಗಂಡು ಬಾ ತಂಗಿ. ಅವ್ರು ಬೆಳಗಿಂದ ಗೋಡೆ ಮುಂದೆ ನಿಂತವ್ರೆ," ಎಂದರು ಅಕ್ಕ. ಹೋದೆ. ಗೋಡೆಯಲ್ಲಿ ಜಾಗ ಮುಗಿದಿತ್ತು. ಚಳ್ಳಕೆರೆಯನ್ನು ಮೂಲೆ ತಿರುಗಿಸಿ ಪಕ್ಕದ ಗೋಡೆಯ ಮೇಲೆ ಬರೆಯಬೇಕಾಯಿತು. ಏಣಿ ಹಿಡಿಯಲು ಹಿರಿಯೂರಿನ ಸೂಪರ್‌ವೈಸರೇ ಮುಂದೆ ಬಂದರು. ಕೆಳಗಿನಿಂದ ಆರು ಜನವೂ ಒಟ್ಟಿಗೇ ತಮ್ಮ ತಮ್ಮ ಹಳ್ಳಿಗಳ ದಾರಿ ಹೇಳತೊಡಗಿದರು. ಒಬ್ಬೊಬ್ಬರಾಗಿ ಹೇಳ್ರಪ್ಪ ಎಂದೆ, ಯಾರೂ ಕೇಳಲಿಲ್ಲ. ಕುಂಚ ಅದ್ದಿ, ಮೊದಲು ಕಿವಿಗೆ ಬಿದ್ದ ಊರಿನಿಂದ ಶುರುಮಾಡಿದೆ.